ಸ್ಕಾಟ್ಲೆಂಡಿನ ಬೀಗತಿಗೆ ತುಂಬಿದ ಉಡಿ

ಆಂಡ್ರೂನ ತಾಯಿ ಹೊಸ್ತಿಲು ದಾಟಿ ಒಳಬಂದಾಗ ದಾನಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

ಎಪ್ಪತ್ತೆಂಟನೇ ಇಸವಿ. ಬಾದಾಮಿಯ ಗುಹೆಗಳನ್ನು ಅಭ್ಯಾಸ ಮಾಡಲು ಬಂದು, ದಾನಮ್ಮನ ಮನೆಯ ಮಾಳಿಗೆಯಲ್ಲೇ ಎರಡು ವರ್ಷದಿಂದ ಬಾಡಿಗೆಗಿದ್ದ ಆಂಡ್ರೂ. ಅವನ ತಂದೆ ಸ್ಕಾಟ್ಲೆಂಡಿನ ಲಾರ್ಡ್ ಎಂಬುದು ಓಣಿಗೆಲ್ಲ ಗೊತ್ತಿತ್ತು. "ನಮ್ಮವ್ವ ಬರ್ಲಿ, ಮದವಿಗೆ ನಿನ್ನ ಕೇಳ್ತೇನಿ," ಎಂದು ದಾನಮ್ಮನಿಗೆ ಮಾತು ಕೊಟ್ಟಿದ್ದ.

ಅಂದರೆ... ಕೇಳುವುದಕ್ಕೇ ಬಂದಿದ್ದಾರೆ!

ಆಕಾಶನೀಲಿ ಗೌನು, ಮುತ್ತಿನ ಸರ, ತುಟಿಗೆ ಕೆಂಪು. ದೊಡ್ಡ ಮನೆಯ ಮುತ್ತೈದೆ, ಬೀಗತಿಯಾಗುವವಳು ಎಂದುಕೊಂಡಳು ದಾನಮ್ಮನ ಅವ್ವ ಗುರುಸಿದ್ದವ್ವ. ಹೊಸ ಇಳಕಲ್ ಸೀರೆ ಹೊದಿಸಿ, ಉಡಿ ತುಂಬಲು ಅಕ್ಕಿ, ಕೊಬ್ಬರಿ ತಂದಿಟ್ಟು, ಕುಂಕುಮದ ಭರಣಿಗೆ ಕೈಹಾಕಿದಳು.

"ಬೀಗರು ಯಾಕ ಬರ್ಲಿಲ್ಲ, ಕೇಳವಾ. ನಮ್ಮ ಬಿಸಲಿಗೆ ಅಂಜಿದ್ರೇನು?"

ದಾನಮ್ಮ ನಾಚುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು.

"ಅವರು ಚಳಿಗಾಲದಲ್ಲೇ ತೀರಿಕೊಂಡರು," ಎಂದರು ಆಕೆ. "ಆಂಡ್ರೂ ಹೇಳಲಿಲ್ಲವೇ? ಈಗ ಲಾರ್ಡ್ ಇವನೇ. ಪಕ್ಕದ ಜಮೀನ್ದಾರರ ಮಗಳ ಜೊತೆ ಇವನ ಮದುವೆ ನಿಶ್ಚಯಿಸಿಯೇ ಅವರು ಕಣ್ಣು ಮುಚ್ಚಿದ್ದು. ಕರೆದೊಯ್ಯಲು ಬಂದಿದ್ದೇನೆ."

ದಾನಮ್ಮ ಬಾಗಿಲ ಬಳಿ ನಿಂತಿದ್ದ ಆಂಡ್ರೂನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಏನಂದ್ರ?" ಅವ್ವನ ಬೆರಳಲ್ಲಿ ಕುಂಕುಮ ಸಿದ್ಧವಾಗಿತ್ತು.

ಗಂಡ ಸತ್ತವರಿಗೆ ಅದನ್ನು ಹಚ್ಚುವಂತಿಲ್ಲ. ತಿಳಿದರೆ ಅವ್ವ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಅಷ್ಟು ದೂರದಿಂದ ಬಂದ ಈ ಹೆಂಗಸಿನ ಮುಖದೆದುರೇ...

"ಅರಾಮ ಅದಾರಂತ. ಮನಿ ಬಿಟ್ಟು ಬರಾಕ ಆಗಲಿಲ್ಲಂತ."

ಅವ್ವ ಕುಂಕುಮವಿಟ್ಟಳು. ಅಕ್ಕಿ ಸೆರಗಿಗೆ ಬಿತ್ತು. ಎಷ್ಟು ದಿನದಿಂದ ಯಾರೂ ಮುಟ್ಟಿರದ ಹಣೆಯೋ, ಆಕೆ ಕಣ್ಣು ಮುಚ್ಚಿ ನಿಂತೇಬಿಟ್ಟರು.

ಹಿತ್ತಲಿಗೆ ಬಂದ ದಾನಮ್ಮನ ಹಿಂದೆಯೇ ಆಂಡ್ರೂ ಬಂದ.

"ಸುಳ್ಳು ಹೇಳಿದಿ, ದಾನಾ."

"ನಿಮ್ಮನ್ನ ನೋಡಿ ಕಲ್ತೆ."

"ಅವ್ವನ್ನ ಒಪ್ಪಿಸಬೇಕಂತಿದ್ದೆ. ಸ್ಟೇಷನ್ನಿಂದ ಬರೂತನಕ ಕಾಡಿದೆ. ಅಪ್ಪ ಮಾತು ಕೊಟ್ಟು ಸತ್ತಾನ... ಮುರಿಯಾಕ ನನಗ ಧೈರ್ಯ ಸಾಲಲಿಲ್ಲ."

"ನನಗ ಕೊಟ್ಟ ಮಾತು?"

ಅವನ ಕಣ್ಣು ತುಂಬಿದವು. "ನಿನ್ನಷ್ಟು ಯಾರನ್ನೂ ಪ್ರೀತಿ ಮಾಡಿಲ್ಲ. ಮಾಡೂದೂ ಇಲ್ಲ."

ಇದೊಂದು ಮಾತು ಖರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇಷ್ಟು ಉರಿಯುತ್ತಿತ್ತು.

ಹೊರಗೆ ಟಾಂಗಾ ಬಂದು ನಿಂತಿತು.

"ಹೋಗ್ತೇನಿ."

"ನಮ್ಮ ಕಡೆ ಹಂಗ ಅನಬಾರದ್ರಿ. ಹೋಗಿ ಬರ್ತೇನಿ ಅನ್ರಿ."

"ಸುಳ್ಳಾಗತೈತಿ."

"ಗೊತ್ತೈತಿ. ಅನ್ರಿ."

"...ಹೋಗಿ ಬರ್ತೇನಿ, ದಾನಾ."

"ಹೂಂ. ಬರ್ರಿ."