ಆ ಸ್ಲೈಡಿನ ರಕ್ತ

ಮಚ್ಚು ನನ್ನ ಕುತ್ತಿಗೆಗೆ ತಾಗಿತ್ತು. ಹಿಡಿದಿದ್ದ ಮರುಳಪ್ಪನ ಕೈ ನಡುಗುತ್ತಿರಲಿಲ್ಲ...

“ಅಣ್ಣಾ, ಇವ್ನು ಆ ಸತ್ತ ಗಂಗಲಕ್ಷ್ಮಿಯ ಅಣ್ಣ! ಚಳ್ಳಕೆರೆ ಓಬಳೇಶ! ಕತ್ತರ್ಸಿ ಬಿಡ್ಲಾ?”

ಚಳಿಗೆ ನಡುಗುತ್ತಿದ್ದವನು ಅವನ ಧಣಿ ಕೊಟ್ಟೂರಪ್ಪ. ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದ. ರಾಂಪುರದ ಸುತ್ತಲ ಹಳ್ಳಿಗಳಿಗೆಲ್ಲ ಮಲೇರಿಯಾ ಮಾತ್ರೆ ಸಪ್ಲೈ ಮಾಡುವ ದೊಡ್ಡ ಮನುಷ್ಯ!

ಮಾತ್ರೆ ಅಲ್ಲ, ಮಣ್ಣು! ಬರೀ ಸೀಮೆಸುಣ್ಣ. ತೊಂಬತ್ತಾರನೇ ಇಸವಿಯಲ್ಲಿ ಅದನ್ನೇ ನುಂಗಿ ನನ್ನ ತಂಗಿ ಸತ್ತಳು. ನುಂಗಿಸಿದವನು ನಾನೇ. ಹೊಟ್ಟೆ ಉರಿಯದೆ ಇರುತ್ತದೆಯೇ?

“ಯಾರೋ ನನ್ ಲೇಬಲ್ ಕದ್ದವ್ರೆ” ಎಂದು ಈ ಕಳ್ಳ ಕೈ ತೊಳೆದುಕೊಂಡಿದ್ದ. ನಿಜ ಅವನ ಬಾಯಿಂದಲೇ ಬರಬೇಕಿತ್ತು.

ನಾನು ಮಲೇರಿಯಾ ಲ್ಯಾಬ್ ಟೆಕ್ನಿಷಿಯನ್. ಒಳಗೆ ನುಗ್ಗುವ ವಿದ್ಯೆಯನ್ನು ಆ ರೋಗಾಣುವಿನಿಂದಲೇ ಕಲಿತೆ. ಅದು ರಕ್ತಕಣದ ಗೋಡೆ ಒಡೆಯುವುದಿಲ್ಲ ಸ್ವಾಮಿ. ಮೈಮೇಲಿನ ಪ್ರೋಟೀನುಗಳಿಂದ ಕಣವನ್ನು ತಡವುತ್ತದೆ. ತಲೆ ಅತ್ತ ತಿರುಗಿಸಿ ಅಂಟಿಕೊಳ್ಳುತ್ತದೆ. ಒಂದು ಪ್ರೋಟೀನು ಬೀಗಕ್ಕೆ ಕೀಲಿಕೈಯಂತೆ ಕೂತರೆ ಸಾಕು... ಒಳಗೆ!

ನನ್ನ ಕೀಲಿಕೈ ಖಾಕಿ ಷರಟು. “ಜ್ವರ ಐತೇನ್ರಿ?” ಎಂದು ಕೇಳಿ, ಬೆರಳು ಚುಚ್ಚಿ, ಗೋಡೆ ಮೇಲೆ ತಾರೀಖು ಬರೆದು ಹೋಗುವವನನ್ನು ನಮ್ಮ ಕಡೆ ಯಾರು ತಡೆಯುತ್ತಾರೆ? ಕೊಟ್ಟೂರಪ್ಪ ತಾನೇ ಬೆರಳು ಚಾಚಿದ್ದ. ರಕ್ತ ಸವರಿದ ಗಾಜಿನ ಸ್ಲೈಡಿಗೆ ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಮರುಳಪ್ಪ ಬಂದು ಗುರುತು ಹಿಡಿದ. ನರ್ಸ್ ಅಂತ ನನ್ನ ಜೊತೆಗೆ ಬಂದಿದ್ದ ಬಿಳಿ ಸೀರೆಯ ರಾಧಮ್ಮ ಬಾಗಿಲ ಬಳಿ ಸೀಮೆಸುಣ್ಣ ಹಿಡಿದು ನಿಂತೇಬಿಟ್ಟರು.

“ಕತ್ತರ್ಸು! ಆಮೇಲೆ ಈ ಸ್ಲೈಡ್ ಓದೋರ್ ಯಾರು?” ಎಂದೆ.

“ಬಿಡಲೇ ಅವನ್ನ!” ಕೊಟ್ಟೂರಪ್ಪ ಗದರಿದ. “ಏನೈತೋ ಅದ್ರಾಗೆ?”

ಮೈಕ್ರೋಸ್ಕೋಪ್ ಅವನ ಮುಂದೆ ತಳ್ಳಿದೆ. ಇಣುಕಿದ. ಕೆಂಪು ಕಣಗಳ ಒಳಗೆ ಸಣ್ಣ ಸಣ್ಣ ಉಂಗುರಗಳು.

“ಮಲೇರಿಯಾ ಹೊಕ್ಕುಬಿಟ್ಟೈತೆ. ಮೆದುಳಿಗೆ ಏರೋ ಜಾತಿ. ತಗಾ, ಮಾತ್ರೆ ನುಂಗು!”

ಸ್ಟ್ರಿಪ್ ಮೇಲೆ ತನ್ನದೇ ಲೇಬಲ್ ನೋಡಿ ಅವನ ಮುಖ ಬಿಳಿಚಿತು.

“ಇದು ಬ್ಯಾಡ!”

“ಯಾಕೆ? ನಿಂದೇ ಮಾಲು!”

“ಅದ್ರಾಗ್ ಔಷಧಿ ಇಲ್ಲ ಕಣೋ! ಬರೀ ಸುಣ್ಣ! ಹಿಂದಿನ್ ಗೋಡೌನ್ ತುಂಬ ಅದೇ ಐತೆ... ಲೇ ಮರುಳಾ, ಬಳ್ಳಾರಿಗೋಗಿ ಒಳ್ಳೇದ್ ತಗಂಬಾರಲೇ!”

“ಸಾಕು” ಎಂದರು ರಾಧಮ್ಮ. ಬ್ಯಾಗಿನಿಂದ ಗುರುತಿನ ಚೀಟಿ ತೆಗೆದರು. ಡ್ರಗ್ ಇನ್ಸ್‌ಪೆಕ್ಟರ್! ಅವರು ಕೂಗಿದ್ದೇ ತಡ, ಹೊರಗೆ ಕಾಯುತ್ತಿದ್ದ ಪೊಲೀಸರು ನುಗ್ಗಿದರು. ಮರುಳಪ್ಪ ಮಚ್ಚು ಬಿಸಾಕಿದ.

ಕೊಟ್ಟೂರಪ್ಪ ನನ್ನ ಕಾಲು ಹಿಡಿದ. “ಒಳ್ಳೇ ಮಾತ್ರೆ ಕೊಡೋ... ಸತ್ತೋಗ್ತೀನಿ!”

ಸ್ಲೈಡನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡೆ.

“ನಿಂಗ್ ಬರೀ ನೆಗಡಿ ಕಣೋ. ನಿನ್ ಸ್ಲೈಡ್ ಬೇರೆ ಐತೆ. ತೊಂಬತ್ತಾರರಿಂದ ಎತ್ತಿಟ್ಟಿದ್ದ ಈ ರಕ್ತ ನನ್ ತಂಗೀದು.”