ಏಳು ಹೆಜ್ಜೆ ಮನೆಗೆ ಬಂದ ಬೆಕ್ಕು

ನಿಮ್ಮಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಬಹಳ ಹಿಂದೆ ತುಂಬೆನಾಡು ಎಂಬ ರಾಜ್ಯವಿತ್ತು. ಕೊರೆಹಲ್ಲ ಎಂಬ ಮಾಂತ್ರಿಕ ಒಂದು ದಿನ ಆ ನಾಡಿನ ಮನೆ, ಅಂಗಳ, ಹಿತ್ತಿಲುಗಳನ್ನೆಲ್ಲ ಚಾಪೆಯಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಜನರನ್ನೆಲ್ಲ ನೂರು ಅಂತಸ್ತಿನ ಗೋಪುರದಲ್ಲಿ ಒಬ್ಬರ ಮೇಲೊಬ್ಬರಂತೆ ಪೇರಿಸಿಟ್ಟ. ಒಂದು ಸಂಸಾರಕ್ಕೆ ಒಂದು ಕೋಣೆ, ಒಂದು ಕಿಟಕಿ.

ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಇಲಿಯ ರೂಪ ತಾಳಿ ಕೋಣೆ ಕೋಣೆಗೆ ನುಗ್ಗಿ ಜನರ ನೆನಪುಗಳನ್ನು ಕೊರೆದು ತಿನ್ನತೊಡಗಿದ. ಹಳೆಯ ಮನೆಯನ್ನು ಮರೆತವರು ಅದನ್ನು ವಾಪಸು ಕೇಳುವುದಿಲ್ಲವಲ್ಲ!

ಅರವತ್ತನೆಯ ಅಂತಸ್ತಿನಲ್ಲಿ ಕೆಂಪಾಜಿ ಎಂಬ ಹುಡುಗಿ ತಾಯಿಯೊಡನೆ ಇದ್ದಳು. ಗೋಪುರಕ್ಕೆ ಬಂದಾಗ ಅವಳಿಗೆ ಆರು ವರ್ಷ, ಈಗ ಇಪ್ಪತ್ತು. ತಾಯಿ ಮೊದಲು ಬಾವಿಯನ್ನು ಮರೆತಳು, ಆಮೇಲೆ ಹುಣಸೆಮರವನ್ನು ಮರೆತಳು. ಒಂದು ಬೆಳಿಗ್ಗೆ ರೊಟ್ಟಿ ಕೊಡುತ್ತಿದ್ದ ಮಗಳನ್ನೇ ದಿಟ್ಟಿಸಿ, "ನಿನ್ನ ಹೆಸರು ನಾಲಿಗೆ ತುದೀಲೇ ಇದೆ ಕಣವ್ವಾ, ಬರ್ತಾ ಇಲ್ಲ," ಎಂದಳು.

ಕೆಂಪಾಜಿ ಗೋಪುರದ ಬುಡದಲ್ಲಿದ್ದ ಬೆಕ್ಕಿನ ತಾತನ ಬಳಿಗೆ ಓಡಿದಳು. ಮಾಯದ ಇಲಿ ಹಿಡಿಯುವ ಬೆಕ್ಕುಗಳು ಅವನಲ್ಲಿ ಮಾತ್ರ ಇದ್ದವು.

"ಬೆಕ್ಕಿನಲ್ಲಿ ನೂರು ಜಾತಿ ಇದೆ ತಾಯಿ. ಮನೆಗೆ ಹೊಂದದ್ದು ಇಲಿ ಹಿಡಿಯಲ್ಲ. ನಿನ್ನ ಮನೆ ಹೇಗಿದೆ ಹೇಳು," ಎಂದ ತಾತ.

ಗೋಪುರದವರಿಗೆ ಒಂದು ಚಾಳಿ. ನೆನಪು ಉಳಿದವರ ಮುಂದೆ ಮನೆ ಎಂದರೆ ಸಾಕು, ಬಾಯಿಗೆ ಬರುವುದು ಕಳೆದುಹೋದ ಮನೆಯೇ.

"ನಮ್ಮ ಹಿತ್ತಿಲು ಕಣ್ಣು ಹಾಯಿಸಿದಷ್ಟು ಉದ್ದ ತಾತ! ಹುಣಸೆಮರ ಮೋಡಕ್ಕೆ ತಾಗ್ತದೆ," ಎಂದಳು ಕೆಂಪಾಜಿ.

ತಾತ ಪಟ್ಟೆಪಟ್ಟೆಯ ಕಾಡುಬೆಕ್ಕು ಕೊಟ್ಟ. ಅದು ಒಂದೇ ನೆಗೆತಕ್ಕೆ ಗೋಡೆಗೆ ಢಿಕ್ಕಿ ಹೊಡೆಯಿತು, ಗಡಿಗೆಗಳನ್ನು ಉರುಳಿಸಿತು, ಮರ ಬೇಕೆಂದು ಊಳಿಟ್ಟಿತು. ಇಲಿ ಮೂಲೆಯಲ್ಲಿ ಕೂತು ಕಿಸಕ್ಕನೆ ನಕ್ಕಿತು.

ಮರುದಿನ ತಾತ ಮತ್ತೆ ಕೇಳಿದ. "ದೊಡ್ಡ ಪಡಸಾಲೆ ತಾತ. ತಣ್ಣನೆ ಗಾಳಿ, ಮನೆ ತುಂಬ ಜನ," ಎಂದಳು. ಪಾಪ, ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ.

ತಾತ ಗೇಣುದ್ದ ಕೂದಲಿನ ಬಿಳಿಯ ಅರಮನೆ ಬೆಕ್ಕು ಕೊಟ್ಟ. ದಿನಕ್ಕೆ ಏಳು ಸಲ ಅದರ ಮೈ ಬಾಚಬೇಕು. ಬಾಚಲು ಮನೆ ತುಂಬ ಜನ ಎಲ್ಲಿದ್ದಾರೆ? ಅನ್ನದಲ್ಲಿ ಕೂದಲು, ನೀರಿನಲ್ಲಿ ಕೂದಲು. ಬೆಕ್ಕು ಸೆಖೆಗೆ ಏದುಸಿರು ಬಿಡುತ್ತಾ ಬಿದ್ದುಕೊಂಡರೆ ಇಲಿ ಅದರ ಕೂದಲಲ್ಲೇ ಹಾಯಾಗಿ ನಿದ್ದೆ ಹೊಡೆಯಿತು. ಅಂದು ತಾಯಿ ಕೇಳಿದಳು: "ಯಾರ ಮಗಳಮ್ಮಾ ನೀನು?"

ಮೂರನೆಯ ದಿನ ತಾತ ಎಚ್ಚರಿಸಿದ: "ಇವತ್ತು ಹೊತ್ತು ಮುಳುಗೋದರೊಳಗೆ ಇಲಿ ಸಿಗದಿದ್ದರೆ ತಿಂದದ್ದೆಲ್ಲ ಅದಕ್ಕೆ ಅರಗಿಹೋಗ್ತದೆ. ಕೊನೇ ಸಲ ಕೇಳ್ತೀನಿ, ಮನೆ ಹೇಗಿದೆ?"

ಕೆಂಪಾಜಿಯ ಬಾಯಿಗೆ ಹುಣಸೆಮರವೇ ಬಂತು. ಅದನ್ನು ನುಂಗಿಕೊಂಡಳು. ಕಣ್ಣೀರು ದಳದಳ ಇಳಿಯಿತು. "ಏಳು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಒಂದೇ ಕಿಟಕಿ. ನಾನು, ನಮ್ಮವ್ವ, ಇಬ್ಬರೇ ತಾತ."

"ಈಗ ಹೇಳಿದೆ ನೋಡು," ಎಂದು ತಾತ ಗಿಡ್ಡ ಕೂದಲಿನ, ಬೂದಿ ಬಣ್ಣದ, ಸದ್ದೇ ಮಾಡದ ಬೆಕ್ಕೊಂದನ್ನು ಕೊಟ್ಟ.

ಅದು ಕೋಣೆಯನ್ನೊಮ್ಮೆ ಸುತ್ತಿತು. ಕಿಟಕಿಯ ಬಿಸಿಲಿನಲ್ಲಿ ಮೈ ಕಾಸಿಕೊಂಡಿತು. ಆಮೇಲೆ ತಾಯಿಯ ಮಡಿಲೇರಿ, ಹುಟ್ಟಿದ್ದೇ ಅಲ್ಲಿ ಎನ್ನುವಂತೆ ಮುದುಡಿ ಮಲಗಿತು. ಸಂಜೆ ಇಲಿ ಮೀಸೆ ತಿರುವುತ್ತಾ ಬಂದಿತು. ಬೆಕ್ಕು ನೆಗೆಯಿತು. ಏಳು ಹೆಜ್ಜೆಯ ಮನೆಯಲ್ಲಿ ಇಲಿ ಓಡಿದರೂ ಎಲ್ಲಿಗೆ ಓಡೀತು? ಗೋಡೆಗೆ ಸಿಕ್ಕಿ ಬಾಯಿಗೆ ಬಿತ್ತು. ಕೊರೆಹಲ್ಲನ ಕತೆ ಅಲ್ಲಿಗೆ ಮುಗಿಯಿತು.

"ಕೆಂಪಾಜೀ, ಬೆಕ್ಕಿಗೆ ಹಾಲಿಟ್ಟೆಯೇನೇ?" ಎಂದಳು ತಾಯಿ.

ಮಗಳು ತಾಯಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಸುತ್ತಿಟ್ಟ ನೆಲವೆಲ್ಲ ಉರುಳುರುಳಿ ಬಿಚ್ಚಿಕೊಂಡಿತು. ನಾಡಿನವರೆಲ್ಲ ಕೆಳಗಿಳಿದು ತಂತಮ್ಮ ಮನೆ ಸೇರಿ ಸುಖವಾಗಿ ಬಾಳಿದರು.

ಕೆಂಪಾಜಿಯೂ ಬೆಕ್ಕನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಈ ಬೇಲಿಯಿಂದ ಆ ಬೇಲಿಗೆ ನಡೆದಳು. ಹನ್ನೆರಡೇ ಹೆಜ್ಜೆ.

"ಅವ್ವಾ, ಮಿಕ್ಕಿದ್ದನ್ನು ಆ ಕಳ್ಳ ನುಂಗಿಬಿಟ್ಟಿದ್ದಾನೆ!"

ತಾಯಿ ಅವಳ ತಲೆ ಸವರಿದಳು. "ಇಲ್ಲ ಕಣೇ ಮಗಳೇ. ಇದ್ದದ್ದೇ ಇಷ್ಟು. ಆಗ ನಿನ್ನ ಕಾಲು ಚಿಕ್ಕವಿದ್ದವು."