ಹಾಗಲಕಾಯಿ ಮದ್ದು ಹಾಕಿದಳಂತೆ!

"ರಕ್ತ ತೆಳು ಮಾಡೋ ಮಾತ್ರೆ ತಗೋತೀನಿ ಅಂತ ಈಗ ಹೇಳ್ತಿದ್ದೀರಾ? ಪೊಟ್ಟಣ ಕಟ್ಟಿ ಆದ್ಮೇಲೆ?"

ಗಿಡಮೂಲಿಕೆ ಅಂಗಡಿಯ ಒಡತಿ ತಾನೇ ಕಟ್ಟಿಕೊಟ್ಟ ಪೊಟ್ಟಣವನ್ನು ಎದುರಿಗೆ ನಿಂತ ಹಿರಿಯರ ಕೈಯಿಂದ ಕಿತ್ತುಕೊಂಡೇಬಿಟ್ಟಳು.

"ಬರೀ ಬೆಳ್ಳುಳ್ಳಿ ಗುಳಿಗೆ ತಾನೇ ಕಣಮ್ಮಾ... ಬೇರು-ನಾರಿನಿಂದ ಏನಾಗುತ್ತೆ?"

"ಏನೂ ಆಗಲ್ಲ ಅನ್ನೋದಾದ್ರೆ ದುಡ್ಡು ಕೊಟ್ಟು ಯಾಕೆ ತಿಂತೀರಾ? ಗುಣ ಮಾಡೋ ಶಕ್ತಿ ಇರೋದಕ್ಕೆ ಕೆಡಿಸೋ ಶಕ್ತಿ ಇರಲ್ವಾ? ಅದೂ ಇದೂ ಸೇರಿದ್ರೆ ಮೂಗಲ್ಲಿ ಬಾಯಲ್ಲಿ ರಕ್ತ ಬರುತ್ತೆ! ಮೊದಲು ನಿಮ್ಮ ಡಾಕ್ಟರನ್ನ ಕೇಳಿ. ನಡೀರಿ, ನಡೀರಿ!"

ಹಿರಿಯರು ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲಿಳಿದರು. ಬೀದಿಯವರು ಇವಳಿಗೆ ಹಾಗಲಕಾಯಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅಪ್ಪನಿಂದ ಅಂಗಡಿ ಬಂದಿತ್ತು, ಬೇರೆ ಮಾತ್ರೆ ಏನೆಂದು ಕೇಳದೆ ಮದ್ದು ಕೊಡಬಾರದೆಂಬ ಅಪ್ಪನ ನಿಯಮವೂ ಬಂದಿತ್ತು. ಅಪ್ಪನ ತಾಳ್ಮೆ ಮಾತ್ರ ಬರಲಿಲ್ಲ.

ಅಂಗಡಿಯ ಕಪಾಟಿಗೆ ಗಾಜು ಕೂರಿಸುತ್ತಿದ್ದವನು ಸ್ಟೂಲಿನ ಮೇಲೆ ನಿಂತು ಇದನ್ನೆಲ್ಲ ನೋಡಿದ. ಬುದ್ಧಿ ಇರುವ ಗಂಡಸಾಗಿದ್ದರೆ ಕೆಲಸ ಮುಗಿಸಿ ಓಡಿಹೋಗುತ್ತಿದ್ದ. ಇವನೋ...

'ಅಬ್ಬಾ! ಯಾರೋ ಮುದುಕರ ಮೇಲೆ ಎಷ್ಟೊಂದು ಕಾಳಜಿ!' ಅಂದುಕೊಂಡ.

ಪ್ರೀತಿಗೆ ಕಣ್ಣಿಲ್ಲ ಅಂತಾರೆ. ಈ ಮಹಾಶಯನ ಪ್ರೀತಿಗೆ ಕಿವಿಯೂ ಇರಲಿಲ್ಲ! ಯಾಕೆಂದರೆ ಅವನ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ರಕ್ತ ಹೆಪ್ಪುಗಟ್ಟದಿರಲು ಅವನೂ ದಿನಾ ಅದೇ ಮಾತ್ರೆಯನ್ನು ನುಂಗುತ್ತಿದ್ದ. ಅವಳು ಬೈದದ್ದು ಹಿರಿಯರಿಗಾದರೂ ಮಾತು ಇವನಿಗೂ ಅನ್ವಯಿಸುತ್ತಿತ್ತು.

ಮುಂದಿನ ವಾರ ಅವನು ಗಿರಾಕಿಯಾಗಿ ಬಂದ.

"ಮೊಣಕಾಲು ನೋವು..."

"ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ತಕ್ಕಡಿಯಿಂದ ತಲೆ ಎತ್ತದೆ ಕೇಳಿದಳು.

ಹೌದು ಅಂದರೆ ಇಲ್ಲಿಗೇ ಕಥೆ ಮುಗಿಯುತ್ತದೆ. ಮೆಟ್ಟಿಲಿಳಿದು ಹೋಗಬೇಕು, ಮತ್ತೆ ಬರಲು ನೆಪವಿಲ್ಲ.

"ಇಲ್ಲ" ಅಂದ.

ಅರಿಶಿನದ ಗುಳಿಗೆ ಕೊಟ್ಟಳು. ಕೊಂಡು ಚರಂಡಿಗೆ ಎಸೆದಿದ್ದರೂ ಆಗುತ್ತಿತ್ತು. ಆದರೆ ಮುಂದಿನ ಸಲ ಅವಳು "ತಗೊಂಡ್ರಾ? ಹೇಗಿದೆ?" ಎಂದು ಕೇಳುವವಳು. ಒಂದು ಸುಳ್ಳು ಹೇಳಿಯಾಗಿತ್ತು, ಎರಡನೆಯದು ಹೇಳಲು ಸಾಹೇಬರಿಗೆ ಮನಸ್ಸಾಕ್ಷಿ ಒಪ್ಪಲಿಲ್ಲವಂತೆ! ಹಾಗಾಗಿ ತಿಂದ. ಆಮೇಲೆ ಅಜೀರ್ಣವೆಂದು ಬಂದ, ಮಾತ್ರೆಯ ಪ್ರಶ್ನೆಗೆ ಮತ್ತೆ ಅದೇ 'ಇಲ್ಲ' ಅಂದ, ಶುಂಠಿ ಚೂರ್ಣ ಒಯ್ದ. ಆಮೇಲೆ, "ಎದೆಯಲ್ಲಿ ಏನೋ ಒಂಥರಾ..."

"ಒಂಥರಾ ಅಂದ್ರೆ?"

"ಇಲ್ಲಿಗೆ ಬಂದಾಗ ಜಾಸ್ತಿ ಆಗುತ್ತೆ."

"ಗ್ಯಾಸು" ಎಂದು ಹೇಳಿ ಬೆಳ್ಳುಳ್ಳಿ ಗುಳಿಗೆಯ ಡಬ್ಬಿ ಕೊಟ್ಟಳು.

'ಎಲ್ಲಿಂದ ಗಂಟುಬಿತ್ತೋ ಈ ಪ್ರಾಣಿ! ಎತ್ತಿನಂತೆ ಗಾಜು ಹೊರುತ್ತಾನೆ, ಊರಿನ ಕಾಯಿಲೆಯೆಲ್ಲ ಇವನಿಗೇ!' ಎಂದು ಮನಸ್ಸಿನಲ್ಲೇ ಉರಿದುಕೊಂಡಳು.

ಆದರೂ ಅವನು ಬರುವ ಹೊತ್ತಿಗೆ ಅವಳ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಒಂದು ದಿನ ಅವನು ಬಾಯಿ ತೆರೆದದ್ದೇ ತಡ, ಬೆಳ್ಳುಳ್ಳಿ ವಾಸನೆ ಗಪ್ಪೆಂದು ಹೊಡೆಯಿತು.

"ಅಯ್ಯಪ್ಪಾ! ದೂರ ನಿಂತ್ಕೊಳ್ಳಿ!"

"ನೀವೇ ಕೊಟ್ಟಿದ್ದು ಮೇಡಂ..."

ಅವಳು ಬಿದ್ದು ಬಿದ್ದು ನಕ್ಕಳು. ಹಾಗಲಕಾಯಿ ನಕ್ಕಳು! ನಗುತ್ತಲೇ ಅವನ ತೋಳಿನ ಮೇಲೆ ಕಪ್ಪಗೆ ಕಂದಿದ ಕಲೆಯನ್ನು ಕಂಡಳು.

"ಏನಿದು?"

"ಗಾಜು ಹೊರುವಾಗ ತಾಗ್ತು. ಅದಿರಲಿ... ನೀವು ನಕ್ಕರೆ ಚೆನ್ನಾಗಿ ಕಾಣ್ತೀರಾ."

ಅವಳಿಗೆ ಮುಖ ಬಿಸಿಯಾಯಿತು. ಕಲೆಯ ವಿಷಯ ಅಲ್ಲಿಗೇ ಮರೆತುಹೋಯಿತು. ಮರೆಯಬಾರದಿತ್ತು.

ಆಮೇಲೆ ಅವನು ಬರಲೇ ಇಲ್ಲ.

ದಿನ ಕಳೆದಂತೆ ಅವಳ ಕಾಯುವಿಕೆ ಕೋಪವಾಯಿತು. 'ಗೇಲಿ ಮಾಡೋಕೆ ಬರ್ತಿದ್ದ. ಒಂದು ಸಲ ನಗಿಸಿದ, ಯಾರ ಹತ್ತಿರವೋ ಕಟ್ಟಿದ ಪಂದ್ಯ ಗೆದ್ದ, ಹೋದ. ನಾನೊಬ್ಬಳು ಪೆದ್ದಿ... ಥೂ!'

ಅಂಗಡಿ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ ಒಬ್ಬ ಹೆಂಗಸು ಬಿರುಗಾಳಿಯಂತೆ ನುಗ್ಗಿದಳು.

"ನೀನೇನಾ ಹಾಗಲಕಾಯಿ? ಆ ಗಾಜಿನವನ ಅಕ್ಕ ನಾನು! ನನ್ನ ತಮ್ಮನಿಗೆ ಏನು ಮದ್ದು ಹಾಕಿದೆ, ಹೇಳು!"

"ಏನು ಮಾತಾಡ್ತಿದ್ದೀರಾ ನೀವು?"

"ವಾರದಿಂದ ಸುಸ್ತು ಅಂತ ಮನೇಲಿ ಮಲಗಿದ್ದ, ನಿನ್ನೆಯಿಂದ ಆಸ್ಪತ್ರೇಲಿದ್ದಾನೆ. ಮೂಗಿಂದ ಸೋರೋ ರಕ್ತ ನಿಲ್ತಿಲ್ಲ! ಹೃದಯದ ಕವಾಟ ಬದಲಾಯಿಸಿ ರಕ್ತ ತೆಳು ಮಾಡೋ ಮಾತ್ರೆ ಮೇಲೆ ಬದುಕಿರೋನು ಅವನು. ಏನು ತಿಂದ್ಯೋ ಅಂದ್ರೆ ಬಾಯಿ ಬಿಡ್ತಿಲ್ಲ. ಹಾಸಿಗೆ ಕೆಳಗೆ ಇದು ಸಿಕ್ತು!"

ಬೆಳ್ಳುಳ್ಳಿ ಗುಳಿಗೆಯ ಖಾಲಿ ಡಬ್ಬಿ ಗಲ್ಲಾದ ಮೇಲೆ ಬಿತ್ತು.

ಗಿರಾಕಿಗಳೆಲ್ಲ ಒಡತಿಯ ಬಾಯನ್ನೇ ನೋಡುತ್ತಿದ್ದರು. 'ಪ್ರತಿ ಸಲ ಕೇಳಿದ್ದೆ. ಅವನೇ ಸುಳ್ಳು ಹೇಳಿದ' ಎಂದರೆ ಸಾಕಿತ್ತು, ನಿಜವೂ ಅದೇ. ಆದರೆ ಅವನು ಅಲ್ಲಿ ಬಾಯಿ ಮುಚ್ಚಿಕೊಂಡು ಮಲಗಿದ್ದಾನೆ...

"ಎಲ್ಲಾರೂ ಹೊರಗೆ ಹೋಗಿ. ಅಂಗಡಿ ಮುಚ್ತೀನಿ" ಎಂದವಳೇ ಶಟರ್ ಎಳೆದಳು. "ಅಕ್ಕಾ, ಯಾವ ಆಸ್ಪತ್ರೆ? ನಡೀರಿ!"

ವಾರ್ಡಿನ ಬಾಗಿಲಿಗೆ ಬಂದಾಗ ಡಾಕ್ಟರಮ್ಮನ ದನಿ ಕೇಳಿಸಿತು.

"ಕೊನೇ ಸಲ ಕೇಳ್ತಿದ್ದೀನಪ್ಪಾ. ಕಾರಣ ಗೊತ್ತಿಲ್ಲ ಅಂದ್ರೆ ನಿನ್ನ ಮಾತ್ರೆ ಕಮ್ಮಿ ಮಾಡಬೇಕಾಗುತ್ತೆ. ಕಮ್ಮಿ ಮಾಡಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಅಪಾಯ. ಬೇರೆ ಏನಾದ್ರೂ ತಿಂದಿದ್ಯಾ?"

"ಏನೂ ಇಲ್ಲ ಡಾಕ್ಟ್ರೇ."

ಮೂಗಿಗೆ ಹತ್ತಿ ತುರುಕಿಕೊಂಡು, ಸುಣ್ಣ ಬಳಿದ ಮುಖದಲ್ಲಿ ಮಲಗಿ, ಇನ್ನೂ ಸುಳ್ಳು!

"ಸುಳ್ಳು!" ಅವಳ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು. "ಬೆಳ್ಳುಳ್ಳಿ ಗುಳಿಗೆ, ಅರಿಶಿನದ ಗುಳಿಗೆ, ಶುಂಠಿ ಚೂರ್ಣ. ಮೂರೂ ತಿಂದಿದ್ದಾನೆ. ಕೊಟ್ಟೋಳು ನಾನೇ!"

ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ. ಬೇರು ಮಾರೋರೆಲ್ಲ ವೈದ್ಯ ಮಾಡೋಕೆ ಹೊರಟ್ರೆ ಹೀಗೇ ಆಗೋದು. ನಿಮ್ಮ ಅಂಗಡಿ ವಿಷಯ ನಾನು ಆರೋಗ್ಯ ಇಲಾಖೆಗೆ ಬರೆದು ಕಳಿಸ್ತೀನಿ."

"ಕಳಿಸಿ. ಮೊದಲು ಇವನನ್ನ ಉಳಿಸಿ."

ಯಾರ ಮಾತಿಗೂ ತಗ್ಗದವಳು ಅಂದು ತಗ್ಗಿದಳು. ಕಣ್ಣಲ್ಲಿ ನೀರಿತ್ತು.

"ಅವರ ತಪ್ಪೇನಿಲ್ಲ ಡಾಕ್ಟ್ರೇ! ಪ್ರತಿ ಸಲ ಕೇಳಿದ್ರು. ನಾನೇ ಮುಚ್ಚಿಟ್ಟೆ..." ಅವನು ಏಳಲು ಹೋದ.

"ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ! ಮಲಗೋ ಸುಮ್ನೆ!" ಅಕ್ಕ ಅವನನ್ನು ದಿಂಬಿಗೆ ಒತ್ತಿದಳು.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. "ಕಾರಣ ಸಿಕ್ತಲ್ಲ, ಸದ್ಯ. ಇವತ್ತಿಂದ ಅದೆಲ್ಲ ಬಂದ್. ರಕ್ತ ನಿಲ್ಲೋಕೆ ಇಂಜೆಕ್ಷನ್ ಕೊಡ್ತೀವಿ, ಆಮೇಲೆ ದಿನಾ ಟೆಸ್ಟ್ ಮಾಡಿ ಮಾತ್ರೆ ಎಷ್ಟು ಅಂತ ನಿರ್ಧಾರ ಮಾಡ್ತೀನಿ. ಉಳ್ಕೋತಾನೆ."

ಸಂಜೆಯ ಹೊತ್ತಿಗೆ ರಕ್ತ ನಿಂತಿತು. ಅಕ್ಕ ಇಬ್ಬರನ್ನೂ ನೋಡಿ ಮೂತಿ ತಿರುವಿ, "ಟೀ ಕುಡ್ದು ಬರ್ತೀನಿ" ಎಂದು ಹೊರಟಳು.

"ಯಾಕೆ ಬಾಯಿ ಬಿಡಲಿಲ್ಲ?" ಹಾಗಲಕಾಯಿ ಗುಡುಗಿದಳು.

"ಹೇಳಿದ್ರೆ ನಿಮ್ಮ ಅಂಗಡಿ ಮುಚ್ಚಿಸಿಬಿಡ್ತಾರೆ ಅಂತ..."

"ನೀನು ಸತ್ತಿದ್ರೆ ಆ ಅಂಗಡಿ ಇಟ್ಕೊಂಡು ನಾನೇನು ಮಾಡ್ಬೇಕಿತ್ತೋ?"

ಬಾಯಿಂದ ಜಾರಿದ ಮಾತು. ಅವಳು ತಟ್ಟನೆ ಮುಖ ತಿರುಗಿಸಿದಳು.

"ಮೊದಲನೇ ದಿನವೇ ನಿಜ ಹೇಳೋಕೆ ನಿನಗೇನು ಧಾಡಿ?" ಅವಳ ದನಿ ಈಗ ಒಡೆದಿತ್ತು.

"ಆ ಹಿರಿಯರನ್ನ ಓಡಿಸಿದ ಹಾಗೆ ನನ್ನನ್ನೂ ಓಡಿಸ್ತಿದ್ರಿ."

ಹೌದು, ಓಡಿಸುತ್ತಿದ್ದಳು. ಪೊಟ್ಟಣ ಕಿತ್ತುಕೊಂಡದ್ದು ಸರಿಯೇ. ಆದರೆ 'ಕೂತ್ಕೊಳ್ಳಿ, ಯಾಕೆ ಬೇಡ ಅಂತ ಹೇಳ್ತೀನಿ' ಎಂದು ಒಂದು ಮಾತು ಮೆತ್ತಗೆ ಅಂದಿದ್ದರೆ? ತನ್ನ ಪ್ರಶ್ನೆಗೆ ಜನ ನಿಜ ಹೇಳಲು ಹೆದರುತ್ತಾರೆಂದು ಅವಳಿಗೆ ಅಂದೇ ಗೊತ್ತಾದದ್ದು.

"ಇನ್ಮೇಲೆ ನಾನು ಬರೋ ಹಾಗಿಲ್ಲ, ಅಲ್ವಾ?" ಅವನು ಮೆಲ್ಲಗೆ ಕೇಳಿದ. "ನಿಮ್ಮ ಅಂಗಡೀಲಿ ನನಗೆ ಏನೂ ಸಿಗಲ್ಲ."

"ಒಂದು ಎಲೆ ಕೂಡ ಕೊಡಲ್ಲ."

ಅವನ ಮುಖ ಬಾಡಿತು.

"ಆದ್ರೂ ಬಾ. ದಿನಾ ಬಾ."

"ಬಂದು... ಏನು ಕಾಯಿಲೆ ಅಂತ ಹೇಳ್ಲಿ?"

"ನಾನೇ ನಿನ್ನ ಕಾಯಿಲೆ ಅಂತ ಹೇಳೋ, ದಡ್ಡ ಶಿಖಾಮಣಿ!"

ಹತ್ತಿ ತುರುಕಿದ ಮೂಗಿನ ಕೆಳಗೆ ಅವನ ಬಾಯಿ ಕಿವಿಯವರೆಗೂ ಅರಳಿತು.

"ನಗಬೇಡ್ವೋ... ಮತ್ತೆ ರಕ್ತ ಬಂದೀತು!" ಎಂದು ಗದರುತ್ತಾ ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.